ಕಡವಿನಾಳದ ಮೊದಲ ಕೊಳಗ

ರಾಶಿಯಿಂದ ಅಳೆದ ಮೊದಲ ಕೊಳಗ ಯಾರದೂ ಅಲ್ಲ. ಕೊಡುವವನದಲ್ಲ, ಕೊಳ್ಳುವವನದಲ್ಲ, ನಡುವೆ ಕೂತ ದಲಾಲಿಯದಲ್ಲ, ಬಗ್ಗಿ ಅಳೆಯುವವನದಂತೂ ಅಲ್ಲವೇ ಅಲ್ಲ. ಇದು ಕಡವಿನಾಳದ ಕಾಳಿನ ಪೇಟೆಯ ಕಟ್ಟಳೆ. ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಿಲ್ಲ. ಮಾಡಿದವರ ಹೆಸರು ಅಳಿಸಿಹೋಗುವಷ್ಟು ಹಳೆಯದು. ಈ ಕಟ್ಟಳೆಯನ್ನು ಒಂದು ವರ್ಷ ಊರಿಗೆ ಊರೇ ಮುರಿಯಿತು. ದೊಡ್ಡವರು ಮುರಿದರು, ಸಣ್ಣವರು ಮುರಿದರು, ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವರೂ ಮುರಿದರು. ಮುರಿಯದೆ ಉಳಿದವರು ಒಬ್ಬರೇ.

ಹೊಳೆ ಈಗಿನದಕ್ಕಿಂತ ಅಗಲವಾಗಿ ಹರಿಯುತ್ತಿದ್ದ ಕಾಲದ ಮಾತು. ಆಗ ಹೊಳೆಗೆ ಸೇತುವೆ ಇರಲಿಲ್ಲ, ಹರಿಗೋಲು ಇತ್ತು. ಹರಿಗೋಲು ಬಂದು ತಾಗುವ ದಂಡೆಯ ಮೇಲೆ ಕಡವಿನಾಳ ಅಂತ ಒಂದು ಊರು, ಊರ ನಡುವೆ ಕಾಳಿನ ಪೇಟೆ. ಸುತ್ತಲಿನ ಎರೆಹೊಲದ ಜೋಳ, ಕಡಲೆ, ತೊಗರಿ ಎಲ್ಲ ಚಕ್ಕಡಿ ಏರಿ ಅಲ್ಲಿಗೇ ಬರಬೇಕು. ಪೇಟೆಯ ಗದ್ದಲ ಆಚೆ ದಂಡೆಗೂ ಕೇಳುತ್ತಿತ್ತಂತೆ.

ನಮ್ಮ ಕಡೆ ಕಾಳು ಅಳೆಯುವಾಗ ಯಾರೂ ‘ಒಂದು’ ಅಂತ ಶುರು ಮಾಡುವುದಿಲ್ಲ. ಮೊದಲ ಅಳತೆಗೆ ‘ಲಾಭ’ ಅನ್ನುತ್ತಾರೆ, ಆಮೇಲೆ ಎರಡು, ಮೂರು. ಬೇರೆ ಊರುಗಳಲ್ಲಿ ಅದು ಶುಭಕ್ಕೆ ಆಡುವ ಮಾತು, ಅಷ್ಟೇ. ಕಾಳು ಕೊಂಡವನ ಚೀಲಕ್ಕೇ ಹೋಗುತ್ತದೆ. ಕಡವಿನಾಳದಲ್ಲಿ ಹಾಗಲ್ಲ. ಪೇಟೆಯ ಬಾಯಿಯಲ್ಲಿ, ಬೇವಿನ ಮರದ ಕೆಳಗೆ, ಒಂದೇ ಬಂಡೆಯಲ್ಲಿ ಕಡೆದ ಉದ್ದನೆಯ ಕಲ್ಲಿನ ಬಾನಿ ಇತ್ತು. ಲಾಭದ ಕೊಳಗ ಆ ಬಾನಿಗೆ. ಹಸಿದವರು ಬಂದು ಉಡಿಯಲ್ಲಿ ಹಿಡಿಸುವಷ್ಟು ತುಂಬಿಕೊಂಡು ಹೋಗಬಹುದು. ಯಾರನ್ನೂ ಕೇಳಬೇಕಾಗಿಲ್ಲ, ಯಾರ ಕಾಲಿಗೂ ಬೀಳಬೇಕಾಗಿಲ್ಲ, ಯಾವ ಊರು ಯಾವ ಜಾತಿ ಅಂತ ಹೇಳಬೇಕಾಗಿಲ್ಲ. ತುಂಬಿಕೊಳ್ಳುವವರನ್ನು ಪೇಟೆಯವರು ನೋಡಲೂ ಬಾರದು. ಅದಕ್ಕೇ ಆ ಸಾಲಿನ ಅಂಗಡಿಗಳ ಗಾದಿಗಳನ್ನೆಲ್ಲ ಬಾನಿಗೆ ಬೆನ್ನು ಮಾಡಿ ಹಾಸುತ್ತಿದ್ದರು ಅನ್ನುತ್ತಾರೆ.

ಆ ಸಾಲಿನ ಕೊನೆಯ ಅಂಗಡಿ ಅಂದಾನಪ್ಪ ಶೆಟ್ಟರದು. ಶೆಟ್ಟರು ಅಂದರೆ ಹಾಗಿದ್ದರು ಹೀಗಿದ್ದರು ಅಂತ ಜನ ಏನೇನೋ ಹೇಳುತ್ತಾರೆ. ಆಳೆತ್ತರದ ಮೇಲೆ ಒಂದು ಮೊಳ ಇದ್ದರಂತೆ. ನಡೆದು ಹೋದರೆ ಹಿಂದೆ ಗುಬ್ಬಿಗಳ ಹಿಂಡು ಬರುತ್ತಿತ್ತಂತೆ. ಎತ್ತರದ ಮಾತು ನಂಬುವವರು ನಂಬಲಿ. ಗುಬ್ಬಿಯ ಮಾತು ನಿಜವೇ ಇದ್ದೀತು. ಕಾಳಿನ ವ್ಯಾಪಾರಿಯ ಧೋತರದ ಮಡಿಕೆಯಲ್ಲಿ ನಾಲ್ಕು ಕಾಳು ಇದ್ದೇ ಇರುತ್ತವೆ, ಗುಬ್ಬಿಗೆ ಅಷ್ಟು ಸಾಕು.

ವ್ಯಾಪಾರದಲ್ಲಿ ಮಾತ್ರ ಶೆಟ್ಟರು ಕಬ್ಬಿಣದ ಕಡಲೆ. ಮಾತಾಡಿದ ಧಾರಣೆ ಅಂದರೆ ಧಾರಣೆ, ಹೊಟ್ಟು ಕಲ್ಲು ಇದ್ದ ಕಾಳನ್ನು ಅವರಿಗೆ ದಾಟಿಸಿದವರಿಲ್ಲ. ಅವರ ಕೈಯಿಂದ ಒಂದು ಕಾಳು ಬಿಡಿಸಿಕೊಳ್ಳುವುದಕ್ಕಿಂತ ಕೋಳಿಯ ಬಾಯಿಂದ ಬಿಡಿಸಿಕೊಳ್ಳುವುದು ಸಸಾರ ಅಂತ ಚಕ್ಕಡಿಯವರು ಆಡಿಕೊಂಡು ನಗುತ್ತಿದ್ದರಂತೆ. ಶೆಟ್ಟರಿಗೂ ಅದು ಗೊತ್ತಿತ್ತು. ಕೇಳಿ ತಾವೂ ನಗುತ್ತಿದ್ದರಂತೆ.

ಆದರೆ ಅದೇ ಕೈ ಊರಿಗೆ ಏನೇನು ಮಾಡಿತು ನೋಡಿ. ಚಕ್ಕಡಿ ಬಿಡುವ ಬಯಲಿನಲ್ಲಿ ಎತ್ತುಗಳಿಗೆ ಅಂತ ಬಾವಿ ತೋಡಿಸಿದವರು ಶೆಟ್ಟರು. ಬಾವಿಯ ಪಕ್ಕ ನೀರು ಕುಡಿಸುವ ಎರಡು ಕಲ್ಲುದೋಣಿ ಕಟ್ಟಿಸಿದರು, ಒಂದು ಎತ್ತರಕ್ಕೆ, ಒಂದು ತಗ್ಗಿಗೆ. ತಗ್ಗಿನದು ಯಾಕೆ ಅಂದರೆ, ಎತ್ತಿನ ಜೊತೆ ಕರು ಬಂದಿರುತ್ತದೆ, ಅದರ ಬಾಯಿಗೂ ಎಟುಕಬೇಕು ಅಂದರಂತೆ. ಹರಿಗೋಲಿಗೆ ಕಾಯುವ ಹೆಂಗಸರು ಮಕ್ಕಳು ಮಳೆಯಲ್ಲಿ ನೆನೆಯುವುದನ್ನು ನೋಡಿ ದಂಡೆಯ ಮೇಲೆ ಮಂಟಪ ಕಟ್ಟಿಸಿದರು. ಕಲ್ಲುಕುಟಿಗ ತನ್ನ ಸಂತೋಷಕ್ಕೆ ಒಂದು ಕಲ್ಲಿನ ಮೇಲೆ ಶೆಟ್ಟರ ಹೆಸರು ಕೆತ್ತಿದ. ಶೆಟ್ಟರು ಬಂದು ನೋಡಿ, ಕೆಲಸ ಚಂದ ಆಗಿದೆ ಅಂತ ಹೊಗಳಿ, ಅಕ್ಷರ ಇದ್ದ ಮುಖವನ್ನು ಗೋಡೆಯ ಒಳಕ್ಕೆ ತಿರುಗಿಸಿ ಕೂರಿಸಿದರಂತೆ. ಒಮ್ಮೆ ಊರಿಗೆ ಚಳಿಜ್ವರ ಬಿದ್ದಾಗ ಕಾಳಿನ ಉಗ್ರಾಣ ಖಾಲಿ ಮಾಡಿಸಿ ರೋಗಿಗಳನ್ನು ಮಲಗಿಸಿದರು. ಗಂಜಿ ಕಾಯಿಸಿದವಳು ಅವರ ಹೆಂಡತಿ ಪಾರವ್ವ, ಬಡಿಸಿದವರು ಶೆಟ್ಟರು.

ಪಾರವ್ವ ಸುಮ್ಮನೆ ಗಂಜಿ ಕಾಯಿಸುವ ಹೆಂಗಸಲ್ಲ. ಊರ ಕರುವಿನ ಬಾಯಿಗೆ ನೀರು ಎಟುಕಿತೋ ಇಲ್ಲವೋ ಅಂತ ನೋಡುವವರಿಗೆ ಮನೆಯ ಮಾಳಿಗೆ ಸೋರುವುದು ಕಾಣುವುದಿಲ್ಲ ಅಂತ ನಾಲ್ಕು ಜನ ಕೇಳುವ ಹಾಗೆಯೇ ಅನ್ನುತ್ತಿದ್ದಳು. ಗಂಡ ದೊಡ್ಡವರು ಅಂತ ಅವಳಿಗೆ ಊರು ಹೇಳಬೇಕಾಗಿರಲಿಲ್ಲ. ದೊಡ್ಡವರ ಜೊತೆ ಬಾಳುವುದು ಎಷ್ಟು ಕಷ್ಟ ಅಂತ ಮಾತ್ರ ಊರಿಗೆ ಗೊತ್ತಿರಲಿಲ್ಲ. ಅವರಿಗೆ ಒಬ್ಬಳೇ ಮಗಳು, ನೀಲವ್ವ. ಅವಳನ್ನು ಅದೇ ಊರಿನ ಮೇಲಿನ ಓಣಿಗೆ, ಪೇಟೆಯ ಯಜಮಾನರಾದ ಮಹಾಲಿಂಗಪ್ಪ ಶೆಟ್ಟರ ಮಗನಿಗೆ ಕೊಟ್ಟಿದ್ದರು. ಈ ಮನೆಯ ಮಾಳಿಗೆ ಏರಿ ನಿಂತರೆ ಆ ಮನೆಯ ಮಾಳಿಗೆ ಕಾಣುತ್ತಿತ್ತು. ತಾಯಿ ಮಗಳು ಹಪ್ಪಳ ಒಣಹಾಕುವ ನೆಪದಲ್ಲಿ ಕೈಯೆತ್ತಿ ಮಾತಾಡಿಕೊಳ್ಳುತ್ತಿದ್ದರಂತೆ. ನೀಲವ್ವ ಬಸುರಿಯಾದಳು. ಮಳೆಗಾಲ ಕಳೆದ ಮೇಲೆ ಕುಬಸ, ಅಂದರೆ ಸೀಮಂತ, ಮಾಡಿ ಚೊಚ್ಚಲ ಬಾಣಂತನಕ್ಕೆ ಮಗಳನ್ನು ಮನೆಗೆ ಕರೆತರಬೇಕು ಅಂತ ಪಾರವ್ವ ಹಳೆಯ ಸೀರೆಗಳನ್ನು ತೆಗೆದು ಕೂಸಿನ ದುಪ್ಪಟಿ ಹೊಲಿಯುತ್ತ ಕೂತಳು.

ಮಳೆಗಾಲ ಸುಮ್ಮನೆ ಕಳೆಯಲಿಲ್ಲ. ಆ ವರ್ಷ ಹೊಳೆ ಆಚೆ ದಂಡೆಗೆ ನುಗ್ಗಿತು. ಆಚೆ ದಂಡೆ ತಗ್ಗು. ಅಲ್ಲಿನ ಜನ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ಹಾಕಿ ಬಾಯಿ ಮುಚ್ಚಿರುತ್ತಿದ್ದರು. ಮನೆ ಬಿದ್ದರೂ ಕಟ್ಟಿಕೊಂಡಾರು. ಹಗೇವಿಗೆ ನೀರು ಇಳಿದರೆ ಮಾಡುವುದೇನು? ವರ್ಷದ ಅನ್ನ ನೆಲದ ಹೊಟ್ಟೆಯಲ್ಲೇ ಕೊಳೆಯಿತು. ಗಾಳಿ ಈಚೆಗೆ ತಿರುಗಿದಾಗ ಆ ಹುಳಿ ನಾತ ಕಡವಿನಾಳದ ಅಡುಗೆಮನೆಗಳಿಗೂ ಬರುತ್ತಿತ್ತಂತೆ. ನಾತದ ಹಿಂದೆಯೇ ಜನ ಬಂದರು. ಹರಿಗೋಲು ತುಂಬ ಬಂದರು, ಬಾನಿಯ ಮುಂದೆ ನಿಂತರು, ಉಡಿಯಲ್ಲಿ ಹಿಡಿಸುವಷ್ಟು ತುಂಬಿಕೊಂಡು ಹೋದರು. ಮರುದಿನ ಮತ್ತೆ ಬಂದರು.

ಇತ್ತ ಪೇಟೆಯಲ್ಲಿ ಜೋಳದ ಧಾರಣೆ ಏರುತ್ತಿತ್ತು. ಆಚೆ ಕಡೆ ಕಾಳಿಲ್ಲ ಅಂದರೆ ಈಚೆ ಕಡೆಯ ಕಾಳಿಗೆ ಬಂಗಾರದ ಬಣ್ಣ. ಬಂಗಾರದ ಬಣ್ಣ ಬಂದ ಮೇಲೆ ಅದನ್ನು ಕಲ್ಲಿನ ಬಾನಿಗೆ ಸುರಿಯುವಾಗ ಕೈ ಹಿಂಜರಿಯುತ್ತದೆ.

ಯಾರು ಮೊದಲು ಶುರು ಮಾಡಿದರು ಅಂತ ಕೇಳಿದರೆ ಕಡವಿನಾಳದವರು ಇವತ್ತಿಗೂ ಪಕ್ಕದ ಮನೆ ತೋರಿಸುತ್ತಾರೆ. ಹೇಗೆ ಶುರುವಾಯಿತು ಅನ್ನುವುದು ಮಾತ್ರ ಎಲ್ಲರಿಗೂ ಗೊತ್ತು. ಪೇಟೆಯ ಅಳತೆಗಾರ ಫಕ್ಕೀರಪ್ಪ. ಎಲ್ಲ ಅಂಗಡಿಗಳಿಗೂ ಅಳೆಯುವವನು ಅವನೇ. ತನ್ನ ಕಾಳನ್ನು ತಾನೇ ಅಳೆಯುವುದು ಪೇಟೆಯಲ್ಲಿ ನಿಷಿದ್ಧ. ಫಕ್ಕೀರಪ್ಪ ಮೊದಲು ಲಾಭದ ಕೊಳಗವನ್ನು ಗೋಪುರ ಮಾಡದೆ ಅಂಚಿಗೆ ಸಮ ಮಾಡಿ ಸುರಿದ. ಯಾರೂ ಮಾತಾಡಲಿಲ್ಲ. ಆಮೇಲೆ ಅಂಚಿಗಿಂತ ಕೆಳಗೆ ಸುರಿದ. ಯಾರೂ ಮಾತಾಡಲಿಲ್ಲ. ಆಮೇಲೆ ತಳ ಮುಚ್ಚುವಷ್ಟು. ಆಮೇಲೆ ಕೊಳಗವನ್ನು ರಾಶಿಯ ಮೇಲೆ ಸುಮ್ಮನೆ ಆಡಿಸಿ, ಬಾನಿಯ ಮೇಲೆ ಬೋರಲು ಮಾಡಿ, ‘ಲಾಭ’ ಅಂತ ಕೂಗಿ, ರಾಶಿಗೆ ಬಂದು ‘ಎರಡು’ ಅಂದ. ಬಾನಿಗೆ ಬಿದ್ದದ್ದು ಬರೀ ಗಾಳಿ. ವ್ಯಾಪಾರಿಗಳು ನೋಡಿಯೂ ನೋಡಲಿಲ್ಲ. ಕಾಳು ತಂದ ಒಕ್ಕಲಿಗರು ತಮ್ಮದೊಂದು ಕೊಳಗ ಉಳಿಯಿತು ಅಂತ ಸುಮ್ಮನಾದರು. ಹಮಾಲರು ತಮಗೇಕೆ ಅಂದರು. ಮಠದ ಅಯ್ಯನವರು ಬೇವಿನ ಮರದ ಕೆಳಗೆ ಹಾದುಹೋಗುವುದನ್ನು ಬಿಟ್ಟು ಹಿಂದಿನ ಓಣಿ ಹಿಡಿದರು. ಕೊಳಗ ಎಷ್ಟು ಖಾಲಿಯಾಯಿತೋ ಫಕ್ಕೀರಪ್ಪನ ದನಿ ಅಷ್ಟು ದೊಡ್ಡದಾಯಿತಂತೆ. ‘ಲಾಭ’ ಅನ್ನುವ ಕೂಗು ಹೊಳೆಯ ಮೇಲಿಂದ ಆಚೆ ದಂಡೆಗೆ ಹೋಗುತ್ತಿತ್ತು, ಕೂಗು ಕೇಳಿ ಜನ ಹರಿಗೋಲು ಹತ್ತುತ್ತಿದ್ದರು, ಬಂದು ಬಾನಿ ನೋಡುತ್ತಿದ್ದರು.

ಅಂದಾನಪ್ಪ ಶೆಟ್ಟರ ಅಂಗಡಿಯಲ್ಲಿ ಮಾತ್ರ ಫಕ್ಕೀರಪ್ಪ ಕೊಳಗ ತುಂಬಬೇಕಾಗುತ್ತಿತ್ತು. ಶೆಟ್ಟರು ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಗಾದಿ ಬಿಟ್ಟು ಎದ್ದು ಬಂದು, ರಾಶಿಯ ಪಕ್ಕ ನಿಂತು, ಕೊಳಗದ ಮೇಲೆ ಗೋಪುರ ಏಳುವ ತನಕ ನೋಡುತ್ತಿದ್ದರು. ಆ ಕಾಳು ಕಲ್ಲಿಗೆ ಬಿದ್ದಾಗ ಸದ್ದಾಗುತ್ತಿತ್ತು. ಇಡೀ ಪೇಟೆಯಲ್ಲಿ ಅದೊಂದೇ ಸದ್ದು. ಬೇರೆ ಅಂಗಡಿಗಳ ಲಾಭಕ್ಕೆ ಕೂಗಿತ್ತು, ಸದ್ದಿರಲಿಲ್ಲ. ಬಾನಿಗೆ ಬೆನ್ನು ಮಾಡಿ ಕೂತವರಿಗೂ ಆ ಸದ್ದು ಕೇಳದೆ ಇರುತ್ತಿರಲಿಲ್ಲ.

ಒಂದು ದಿನ ಶೆಟ್ಟರು ಪಕ್ಕದ ಹಳ್ಳಿಗೆ ಕಾಳು ನೋಡಲು ಹೋಗಿದ್ದರು. ಅಂಗಡಿಯಲ್ಲಿ ಪಾರವ್ವ ಕೂತಿದ್ದಳು. ಫಕ್ಕೀರಪ್ಪ ಕೊಳಗ ಹಿಡಿದು ಅವಳ ಮುಖ ನೋಡಿದ, ಏನೂ ಕೇಳಲಿಲ್ಲ. ಬೀಗರು ಗಂಟುಮುಖ ಹಾಕಿಕೊಂಡು ಓಡಾಡುತ್ತಿದ್ದುದು ಪಾರವ್ವನಿಗೆ ಗೊತ್ತಿತ್ತು. ಮಗಳ ಕುಬಸ ಹತ್ತಿರ ಬಂದಿತ್ತು. ಅವಳು ಪಕ್ಕಕ್ಕೆ ತಿರುಗಿ ಕುಂಕುಮದ ಭರಣಿ ಹುಡುಕುವವಳ ಹಾಗೆ ಚೀಲದಲ್ಲಿ ಕೈಯಾಡಿಸಿದಳು. ‘ಲಾಭ’ ಅಂತ ಕೂಗು ಬಂತು. ಸದ್ದು ಬರಲಿಲ್ಲ. ತಿರುಗಿ ಬಂದ ಶೆಟ್ಟರಿಗೆ ಯಾರು ಹೇಳಿದರೋ, ಹೆಂಡತಿಯನ್ನು ಒಂದು ಮಾತೂ ಅನ್ನಲಿಲ್ಲವಂತೆ. ಅಡುಗೆಮನೆಗೆ ಹೋಗಿ, ಬೀಸಲು ಇಟ್ಟಿದ್ದ ಜೋಳದಿಂದ ಒಂದು ಕೊಳಗ ತುಂಬಿಕೊಂಡು, ತಲೆಯ ಮೇಲೆ ಇಟ್ಟುಕೊಂಡು ಬಾನಿಗೆ ಹೋದರು. ಅವತ್ತು ಮನೆಯಲ್ಲಿ ರೊಟ್ಟಿ ಆಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ನಾನೂ ನಾಲ್ಕು ಅನ್ನುತ್ತಿದ್ದೆ ಅಂತ ಪಾರವ್ವ ಮುಂದೆ ಎಷ್ಟೋ ಕಾಲ ಹೇಳಿಕೊಳ್ಳುತ್ತಿದ್ದಳಂತೆ.

ಆಮೇಲೆ ಮಹಾಲಿಂಗಪ್ಪ ಶೆಟ್ಟರು ಪಂಚರನ್ನು ಕರೆದುಕೊಂಡು ಅಂಗಡಿಗೆ ಬಂದರು. ಅವರು ಕೆಟ್ಟವರಲ್ಲ. ಪೇಟೆ ಅವರ ಹೆಗಲ ಮೇಲಿತ್ತು. ಬಾನಿಯಲ್ಲಿ ಕಾಳಿರುವ ತನಕ ಆಚೆ ದಂಡೆಯೆಲ್ಲ ಈಚೆ ಬಂದು ಕೂರುತ್ತದೆ, ಆಮೇಲೆ ಉಗ್ರಾಣಗಳಿಗೆ ಕೈ ಹಾಕುತ್ತದೆ ಅಂತ ಅವರಿಗೆ ಖರೇನೇ ಹೆದರಿಕೆ ಇತ್ತು. ಗಾದಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ನಯವಾಗಿಯೇ ಹೇಳಿದರು.

"ನಾವೇನ್ ಕೊಡಬ್ಯಾಡ್ರಿ ಅಂತೀವೇನ್ರಿ ಬೀಗರ? ಹಿತ್ತಲ ಬಾಗಲದಾಗ ಎಷ್ಟರ ಕೊಡ್ರಿ, ಚೀಲಗಟ್ಟಲೆ ಕೊಡ್ರಿ, ನಿಮ್ಮ ಹೆಸರು ಆಗಲಿ. ಪ್ಯಾಟಿಯೊಳಗ ಮಾತ್ರ ನಾಕು ಮಂದಿ ಮಾಡಿದಂಗ ಮಾಡ್ರಿ."

"ಹಿತ್ತಲ ಬಾಗಲದಾಗ ಕೊಟ್ರ ಅದು ನನ್ನ ದಾನ ಆಗ್ತದ," ಅಂದರು ಅಂದಾನಪ್ಪ ಶೆಟ್ಟರು. "ಬಾನಿಯೊಳಗ ಬಿದ್ದದ್ದು ಅವರದ. ಅವರದನ್ನ ತಗೊಂಡು ನಾ ಹೆಂಗ ದಾನಾ ಮಾಡ್ಲಿ?"

ಪಂಚರಲ್ಲಿ ಒಬ್ಬರು, ಶೆಟ್ಟರಿಗೆ ಈಗೀಗ ಕಾವಿ ಉಡುವ ಮನಸ್ಸಾದಂತಿದೆ ಅಂತ ಕುಟುಕಿದರು. ಇನ್ನೊಬ್ಬರು, ಕಾವಿ ಉಟ್ಟರೂ ಧಾರಣೆ ಬಿಡುವ ಗಿರಾಕಿ ಅಲ್ಲ ಬಿಡ್ರಿ ಅಂದರು. ಎಲ್ಲರೂ ನಕ್ಕರು, ಅಂದಾನಪ್ಪ ಶೆಟ್ಟರೂ ನಕ್ಕರು. ನಕ್ಕು, ಲಾಭದ ವಿಷಯ ಬಿಟ್ಟು ಬೇರೆ ಏನಿದ್ದರೂ ಪಂಚರ ಮಾತು ಮೀರುವುದಿಲ್ಲ ಅಂದರು. ಅಲ್ಲಿಗೆ ನಗು ನಿಂತಿತು.

ಆ ಪೇಟೆಯಲ್ಲಿ ತಪ್ಪು ಮಾಡಿದವನಿಗೆ ಒಂದು ಶಿಕ್ಷೆ ಇತ್ತು. ಅವನ ಕೊಳಗವನ್ನು ಅವನ ಹೊಸ್ತಿಲ ಮುಂದೆ ಬೋರಲು ಹಾಕುವುದು. ಕೊಳಗ ಬೋರಲಾದ ಅಂಗಡಿಗೆ ಕಾಳು ಬರುವುದಿಲ್ಲ, ಕಾಳು ಹೋಗುವುದಿಲ್ಲ, ಅಳತೆಗಾರ ಬರುವುದಿಲ್ಲ, ಹಮಾಲ ಹೆಗಲು ಕೊಡುವುದಿಲ್ಲ. ಪೇಟೆಯವರ ಮನೆಗಳಿಂದ ಆ ಮನೆಗೆ ಹೋಗಿ ಬರುವ ಹಾದಿಯೂ ಮುಚ್ಚುತ್ತದೆ. ಕಳ್ಳ ಅಳತೆಗೆ ಅಂತ ಹಿರಿಯರು ಇಟ್ಟ ಶಿಕ್ಷೆ ಅದು. ಅದನ್ನು ಆ ವರ್ಷ, ಗೋಪುರ ಬರುವ ಹಾಗೆ ಅಳೆಸಿದವರಿಗೆ ಹಾಕಿದರು. ಯಾರಿಗೂ ನಗು ಬರಲಿಲ್ಲ ಅನ್ನುವುದೇ ಆಶ್ಚರ್ಯ.

ಕೊಳಗ ಬೋರಲಾದ ದಿನವೇ ಮೇಲಿನ ಓಣಿಯಿಂದ ಮಾತು ಬಂತು. ಯಜಮಾನರ ಮನೆಯವರೇ ಕಟ್ಟು ಮೀರಿದರೆ ಊರು ಏನಂದೀತು, ಸೊಸೆಯನ್ನು ಕಳಿಸಲಾಗುವುದಿಲ್ಲ, ಕುಬಸ ಅಲ್ಲಿಯೇ ಆಗುತ್ತದೆ, ಬಾಣಂತನವೂ ಅಲ್ಲಿಯೇ.

ಪಾರವ್ವ ಮಾಳಿಗೆ ಏರಿ ನಿಂತಳು. ಆಚೆ ಮಾಳಿಗೆಯ ಮೇಲೆ ನೀಲವ್ವನೂ ಬಂದು ನಿಂತಳು. ದಿನ ತುಂಬುತ್ತಿದ್ದ ಮೈ, ಕಾಲು ಬಾತಿದ್ದವು. ನಿಲ್ಲಲಾರದೆ ಮಾಳಿಗೆಯ ಗೋಡೆಗೆ ಒರಗಿದಳು. ಕೈಯೆತ್ತಲಿಲ್ಲ. ಕೈಯೆತ್ತಿದ್ದರೆ ಸಹಿಸಬಹುದಿತ್ತು. ಪಾರವ್ವ ಕೆಳಗಿಳಿದು ಬಂದಳು. ಗಂಡ ಖಾಲಿ ಅಂಗಡಿಯಲ್ಲಿ ಒಬ್ಬರೇ ಕೂತಿದ್ದರು. ಅವಳು ಹೊಸ್ತಿಲಲ್ಲೇ ನಿಂತು ಹೇಳಿದಳು.

"ಊರ ಮಂದಿಗೆಲ್ಲಾ ತವರುಮನಿ ಆದ್ರಿ. ಹೊಟ್ಟೀಲೆ ಹುಟ್ಟಿದಾಕಿಗೆ ಮಾತ್ರ ಬಾಗಲಾ ಇಲ್ಲದಂಗ ಮಾಡಿದ್ರಿ."

ಒಂದು ಖಾಲಿ ಕೊಳಗ, ಒಂದೇ ಒಂದು ಸಲ, ಅದೂ ಮಗಳಿಗಾಗಿ, ದೇವರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂತ ಪಾರವ್ವ ಅಂದಳು. ಪೇಟೆಯವರೆಲ್ಲರೂ ಹೀಗೆಯೇ ಮಗಳಿಗಾಗಿ ಮಗನಿಗಾಗಿ ಅಂತಲೇ ಕೊಳಗ ಖಾಲಿ ಮಾಡಿದ್ದು ಅಂತ ಶೆಟ್ಟರು ಅಂದರು. ಯಾರೂ ತನಗಾಗಿ ಮಾಡಲಿಲ್ಲ, ಅದಕ್ಕೇ ಯಾರಿಗೂ ನಾಚಿಕೆ ಆಗಲಿಲ್ಲ ಅಂದರು. ಹಾಗೆ ಅನ್ನುವಾಗ ಅವರ ದನಿ ಒಡೆದಿತ್ತು. ಪಾರವ್ವ ಅದನ್ನು ಕೇಳಿಸಿಕೊಂಡಳು, ಕೇಳಿಸಿಕೊಂಡೂ ಕರಗಲಿಲ್ಲ. ಮಗಳು ಬರುವ ತನಕ ಈ ಒಲೆಗೆ ಬೆಂಕಿ ಇಲ್ಲ ಅಂತ ಹೇಳಿ ಒಳಗೆ ಹೋದಳು.

ಪೇಟೆಗೂ ಈ ಹಟ ಭಾರವಾಗಿತ್ತು. ಅಂದಾನಪ್ಪ ಶೆಟ್ಟರ ಬಾಗಿಲು ಮುಚ್ಚಿದ್ದು ನೋಡಿ ದೂರದ ಚಕ್ಕಡಿಗಳು ಹಿಂದಿರುಗತೊಡಗಿದ್ದವು. ಶೆಟ್ಟರೇ ಇಲ್ಲದ ಪೇಟೆಯಲ್ಲಿ ಅಳತೆ ಸರಿ ಇದ್ದೀತೇ ಅಂತ ಒಕ್ಕಲಿಗರು ಕೇಳುತ್ತಿದ್ದರು. ಕಡೆಗೆ ಪಂಚರು ಒಂದು ಹಾದಿ ಹುಡುಕಿದರು. ಅಂದಾನಪ್ಪ ಶೆಟ್ಟರು ತಮ್ಮ ರಾಶಿಯನ್ನು ಬಾನಿಯ ಹತ್ತಿರ ತರಿಸಲಿ, ಎಲ್ಲರ ಎದುರು ಲಾಭ ಅಳೆಸಲಿ, ಪೇಟೆಯಲ್ಲಿ ಈಗ ಹೇಗೆ ನಡೆದಿದೆಯೋ ಹಾಗೆ. ಒಂದೇ ಸಲ. ಆ ಕೂಡಲೇ ಕೊಳಗ ಮೇಲಾಗುತ್ತದೆ, ಅವತ್ತೇ ನೀಲವ್ವನ ಚಕ್ಕಡಿ ತವರಿಗೆ ಹೊರಡುತ್ತದೆ. ಎತ್ತು ಹೂಡಿಕೊಂಡೇ ನಿಲ್ಲಿಸಿರುತ್ತೇನೆ ಅಂತ ಮಹಾಲಿಂಗಪ್ಪ ಶೆಟ್ಟರು ಹೇಳಿ ಕಳಿಸಿದರು.

ಅಂದಾನಪ್ಪ ಶೆಟ್ಟರು ಕೇಳಿ, ರಾಶಿ ತರಿಸುತ್ತೇನೆ, ಎಲ್ಲರ ಎದುರು ಲಾಭ ಅಳೆಯುವುದಾಗಲಿ ಅಂದರು. ಅದಕ್ಕಿಂತ ಹೆಚ್ಚಿಗೆ ಒಂದು ಮಾತೂ ಹೇಳಲಿಲ್ಲ. ಅವರು ಹೇಳಿದ್ದಷ್ಟನ್ನೇ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. ಎಷ್ಟು ತರಿಸಲಿ ಅಂತ ಕೇಳಿದರಂತೆ. ಎಷ್ಟಾದರೂ ಸರಿ ಅಂತ ಉತ್ತರ ಬಂತು. ಹಾಗಾದರೆ ಉಗ್ರಾಣದಲ್ಲಿ ಇರುವುದೆಲ್ಲ ಬರಲಿ ಅಂದರು. ಸೋತರೂ ಶೆಟ್ಟರಿಗೆ ದೌಲತ್ತು ಹೋಗಲಿಲ್ಲ ಅಂತ ಪೇಟೆ ನಕ್ಕಿತು; ನಕ್ಕು, ತಾನೇ ಹಮಾಲರನ್ನು ಕಳಿಸಿಕೊಟ್ಟಿತು.

ಪಾರವ್ವ ಒಲೆ ಹಚ್ಚಿದಳು. ನಡುಮನೆಯ ಮೂಲೆಯನ್ನು ಸಾರಿಸಿದಳು, ಬಾಣಂತಿಗೆ ಅಂತ ಹೊರಸು ಹಾಕಿದಳು, ಹೊಲಿದ ದುಪ್ಪಟಿಗಳನ್ನು ಬಿಸಿಲಿಗೆ ಹರವಿದಳು. ಹಿಗ್ಗಿನಲ್ಲಿ ಓಡಾಡುವಾಗಲೂ ರೊಟ್ಟಿಯಲ್ಲಿ ಹರಳು ಸಿಕ್ಕ ಹಾಗೆ ಏನೋ ಹಲ್ಲಿಗೆ ಕಚ್ಚುತ್ತಿತ್ತು. ಊರಲ್ಲಿ ಎಲ್ಲರ ಗಂಡಂದಿರ ಹಾಗೆ ತನ್ನ ಗಂಡನೂ ಆದರು. ಅದನ್ನೇ ಅಲ್ಲವೇ ತಾನು ಬೇಡಿದ್ದು? ಬೇಡಿದ್ದು ಸಿಕ್ಕ ಮೇಲೆ ಅಳು ಯಾಕೆ ಬರಬೇಕು ಅಂತ ತನ್ನನ್ನೇ ಬೈದುಕೊಂಡಳಂತೆ.

ಮುಂದಿನದನ್ನು ಹೇಳುವ ಮೊದಲು ಇಷ್ಟು ಹೇಳಿಬಿಡಬೇಕು, ಯಾಕೆಂದರೆ ಮುಂದಿನದಾದ ಮೇಲೆ ಹೇಳುವುದು ಏನೂ ಉಳಿಯುವುದಿಲ್ಲ. ಕಡವಿನಾಳದ ಪೇಟೆಗೆ ಆಮೇಲೆ ತಕ್ಕಡಿ ಬಂತು, ಕೊಳಗ ಮೂಲೆ ಸೇರಿತು. ಆದರೂ ಅಲ್ಲಿ ಇವತ್ತಿಗೂ ತೂಕ ಶುರು ಮಾಡುವ ಮೊದಲು ಬಾನಿಗೆ ಕಾಳು ಬೀಳಬೇಕು. ಬಿದ್ದ ಸದ್ದನ್ನು ಕೊಡುವವನೂ ಕೊಳ್ಳುವವನೂ ಇಬ್ಬರೂ ಕೇಳಿದೆ ಅನ್ನಬೇಕು. ಕೇಳಿದೆ ಅನ್ನುವ ತನಕ ವ್ಯಾಪಾರವಿಲ್ಲ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ನೇರ ಮನೆಗೆ ಹೋಗುವುದಿಲ್ಲ. ಬೇವಿನ ಮರದ ಕೆಳಗೆ ಚಕ್ಕಡಿ ನಿಲ್ಲಿಸಿ, ತಾಯಿ ಅಲ್ಲಿಗೇ ತಂದು ಕೊಟ್ಟ ಕಾಳನ್ನು ತಮ್ಮ ಕೈಯಾರೆ ಬಾನಿಗೆ ಸುರಿದು, ಆಮೇಲೆ ಹೊಸ್ತಿಲು ದಾಟುತ್ತಾರೆ. ನೀಲವ್ವ ಅವತ್ತೇ ಚಕ್ಕಡಿಯಿಂದ ಇಳಿದು ಅಪ್ಪನ ಹತ್ತಿರ ನಡೆದು ಬಂದಳು ಅಂತ ಕೆಲವರು ಹೇಳುತ್ತಾರೆ. ಇಲ್ಲ, ಗಂಡನ ಮನೆಯಲ್ಲೇ ಹೆತ್ತಳು, ಕೂಸಿನ ಮುಖವನ್ನು ಪಾರವ್ವ ತಡವಾಗಿ ಕಂಡಳು ಅಂತ ಕೆಲವರು. ಮಾವನೇ ಕೈ ಹಿಡಿದು ಕರೆತಂದರು ಅಂತಲೂ ಒಂದು ಮಾತಿದೆ. ಹೇಳುವವರ ಮನಸ್ಸು ಮೆತ್ತಗಿದ್ದಷ್ಟೂ ನೀಲವ್ವ ಬೇಗ ಬರುತ್ತಾಳೆ. ಬಾನಿಯ ಮುಂದೆ ನಡೆದದ್ದರಲ್ಲಿ ಮಾತ್ರ ಎರಡು ಮಾತಿಲ್ಲ. ಅದನ್ನು ಇಡೀ ಊರು ನೋಡಿತು.

ಬಿಸಿಲು ಏರುವ ಹೊತ್ತಿಗೆ ಬೇವಿನ ಮರದ ಕೆಳಗೆ ರಾಶಿ ಬಿತ್ತು. ಬಿಳಿ ಜೋಳ, ಮುತ್ತಿನಂಥದು. ಉಗ್ರಾಣದ ಮೂಲೆ ಗುಡಿಸಿ ತಂದಿದ್ದರು; ರಾಶಿಯ ಆಚೆ ನಿಂತವರು ಈಚೆಯವರಿಗೆ ಕಾಣುತ್ತಿರಲಿಲ್ಲವಂತೆ. ಪೇಟೆಯವರು ಒಂದು ಕಡೆ. ಹರಿಗೋಲಿನಲ್ಲಿ ಬಂದವರು ಇನ್ನೊಂದು ಕಡೆ, ಖಾಲಿ ಉಡಿ ಹಿಡಿದುಕೊಂಡು, ಹತ್ತಿರ ಬರಲು ಹೆದರಿ. ಮೇಲಿನ ಓಣಿಯ ಬಾಯಿಯಲ್ಲಿ ಎತ್ತು ಹೂಡಿದ ಚಕ್ಕಡಿ ನಿಂತಿತ್ತು, ಮೇಲೆ ಕಮಾನು ಕಟ್ಟಿತ್ತು. ಕಮಾನಿನೊಳಗೆ ಮಗಳಿದ್ದಾಳೆ ಅಂತ ಪಾರವ್ವನಿಗೆ ಗೊತ್ತಿತ್ತು. ಅವಳು ರಾಶಿಯ ಹತ್ತಿರ ನಿಂತಿದ್ದಳು, ಕಣ್ಣು ಮಾತ್ರ ಚಕ್ಕಡಿಯ ಮೇಲೆ.

ಅಂದಾನಪ್ಪ ಶೆಟ್ಟರ ಕೊಳಗವನ್ನು ಫಕ್ಕೀರಪ್ಪ ತಂದ. ಪಂಚರು ಅದನ್ನು ಮುಟ್ಟಿ ಮೇಲು ಮಾಡಿ ಕೊಟ್ಟರು. ಫಕ್ಕೀರಪ್ಪ ರಾಶಿಯ ಮೇಲೆ ಬಗ್ಗಬೇಕು ಅನ್ನುವಷ್ಟರಲ್ಲಿ ಅಂದಾನಪ್ಪ ಶೆಟ್ಟರು ಕೈ ಚಾಚಿದರು. ತನ್ನ ಕಾಳನ್ನು ತಾನು ಅಳೆಯುವ ಹಾಗಿಲ್ಲವಲ್ಲ ಅಂತ ಅವನು ಗೊಣಗಿದ.

"ಮೊದಲ ಕೊಳಗ ನಂದಲ್ಲಪಾ," ಅಂದರು ಶೆಟ್ಟರು. "ಯಾರದೂ ಅಲ್ಲದ್ದನ್ನ ಯಾರ ಅಳದ್ರೇನು?"

ಫಕ್ಕೀರಪ್ಪ ಯಜಮಾನರ ಮುಖ ನೋಡಿದ. ಮಹಾಲಿಂಗಪ್ಪ ಶೆಟ್ಟರು, ಕೊಡು, ಬೇಗ ಮುಗಿಯಲಿ ಅನ್ನುವ ಹಾಗೆ ತಲೆಯಾಡಿಸಿದರು.

ಶೆಟ್ಟರು ಕೊಳಗ ಹಿಡಿದು ಬಗ್ಗಿದರು. ಸುಮ್ಮನೆ ಆಡಿಸಿ ಎತ್ತುತ್ತಾರೆ ಅಂತ ಎಲ್ಲರೂ ಕಾದರು. ಅವರು ಮೊಣಕೈ ತನಕ ರಾಶಿಗೆ ಇಳಿಸಿದರು. ತುಂಬಿದರು, ಗೋಪುರ ಬರುವ ತನಕ ತುಂಬಿದರು. ಎರಡೂ ಕೈಯಿಂದ ಎತ್ತಿ ಬಾನಿಗೆ ಸುರಿದರು. ಎಷ್ಟೋ ದಿನ ಒಣಗಿದ್ದ ಕಲ್ಲಿನ ಮೇಲೆ ಕಾಳು ಬಿದ್ದ ಸದ್ದಿಗೆ ಚಕ್ಕಡಿಯ ಎತ್ತುಗಳು ಕಿವಿ ನಿಮಿರಿಸಿದವಂತೆ. ಶೆಟ್ಟರು ದನಿ ಏರಿಸಲಿಲ್ಲ. "ಲಾಭ" ಅಂದರು.

ಪೇಟೆಯವರ ಮುಖ ಕಪ್ಪಿಟ್ಟಿತು. ಆದರೂ ಒಂದು ಕೊಳಗ ತಾನೇ, ಹೋಗಲಿ ಅಂತ ಯಾರೋ ಅಂದರು. ಶೆಟ್ಟರು ಮತ್ತೆ ಬಗ್ಗಿದರು, ತುಂಬಿದರು, ಎತ್ತಿದರು. ಈ ಕೊಳಗ ಚೀಲಕ್ಕೆ ಹೋಗಬೇಕು. ಹಮಾಲ ಚೀಲದ ಬಾಯಿ ಬಿಡಿಸಿಕೊಂಡು ನಿಂತಿದ್ದ. ಶೆಟ್ಟರು ಅವನನ್ನು ದಾಟಿ ಹೋಗಿ ಬಾನಿಗೆ ಸುರಿದರು.

"ಲಾಭ."

ಪಾರವ್ವನ ಕಣ್ಣು ಚಕ್ಕಡಿಯಿಂದ ತಿರುಗಿತು. ಅವಳಿಗೆ ಒಮ್ಮೆಲೇ ತಿಳಿಯಿತು, ಪೇಟೆಗೆ ತಿಳಿಯುವ ಮೊದಲೇ ತಿಳಿಯಿತು. ಇರುವುದೆಲ್ಲ ತರಿಸಿದ್ದು ದೌಲತ್ತಿಗಲ್ಲ. ಗಂಡ ಇವತ್ತು ಎರಡು ಅನ್ನುವುದಿಲ್ಲ, ರಾಶಿ ಮುಗಿಯುವ ತನಕ ಲಾಭವೇ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ತಡೆಯುವುದಕ್ಕೋ ಕೈ ಹಚ್ಚುವುದಕ್ಕೋ ಅವಳಿಗೇ ಗೊತ್ತಿರಲಿಲ್ಲ.

ಮಹಾಲಿಂಗಪ್ಪ ಶೆಟ್ಟರು ಎದ್ದು ಬಂದು ಬೀಗರ ಮುಂದೆ ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆ ಇತ್ತು.

"ಬೀಗರ, ಹುಡುಗಿ ಚಕ್ಕಡ್ಯಾಗ ಕುಂತಾಳ. ನಿಮ್ಮ ಕೈ ಮುಗೀತೀನಿ. ಎರಡು ಅನ್ರಿ."

ಅಂದಾನಪ್ಪ ಶೆಟ್ಟರು ಚಕ್ಕಡಿಯ ಕಡೆ ನೋಡಿದರು. ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು; ಅವರು ಒರೆಸಿಕೊಳ್ಳಲಿಲ್ಲ, ಕೈಯಲ್ಲಿ ಕೊಳಗ ಇತ್ತು. ಆಮೇಲೆ ಆಚೆ ಬದಿಗೆ ನಿಂತಿದ್ದವರ ಕಡೆ ತಿರುಗಿ, ಬನ್ನಿ ಅನ್ನುವ ಹಾಗೆ ತಲೆಯಾಡಿಸಿದರು.

"ಪ್ಯಾಟಿಯಿಂದ ಬಾನಿಗೆ ಬರಬೇಕಾದ ಮೊದಲನೇದ ಇನ್ನೂ ಮುಗಿದಿಲ್ಲರಿ ಬೀಗರ," ಅಂದರು.

ಬಗ್ಗಿದರು. ಗೋಪುರ ಬರುವ ತನಕ ತುಂಬಿದರು. ಎತ್ತಿ ಬಾನಿಗೆ ಸುರಿದರು.

"ಲಾಭ" ಅಂದರು.